‘ಚೆನ್ನಾಗಿದೆ ಸರ್’ ಅನ್ನುವ ಗುಂಪು ಬೇಡ

ಕಥೆ ಬರೆಯುವವರು ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಚರ್ಚಿಸುವ ಗುಂಪೊಂದನ್ನು ಊರಿನಲ್ಲಿ ಸೇರುವ ಮೊದಲು ನೋಡಬೇಕಾದದ್ದು ಒಂದೇ: ಅಲ್ಲಿ ಕಥೆಯನ್ನು ಮೊದಲೇ ಕಳಿಸುತ್ತಾರೋ, ಅಲ್ಲೇ ಕೂತು ಓದುತ್ತಾರೋ? ಅಲ್ಲೇ ಓದುವುದಾದರೆ ಅದು ಕವಿಗೋಷ್ಠಿಯ ಇನ್ನೊಂದು ರೂಪ. ಒಳ್ಳೆಯ ದನಿ ಇದ್ದವರ ಸಡಿಲ ವಾಕ್ಯವೂ ಗೆದ್ದುಬಿಡುತ್ತದೆ, ಕೇಳಿದವರಿಗೆ ‘ಚೆನ್ನಾಗಿದೆ ಸರ್’ ಅನ್ನುವುದರ ಹೊರತು ಹೇಳಲು ಏನೂ ಸಿಗುವುದಿಲ್ಲ.

ಗುಂಪಿನಲ್ಲಿ ಆರು ಜನ ಸಾಕು. ಹದಿನೈದು ದಿನಕ್ಕೊಮ್ಮೆ ಸೇರಿ, ಒಂದು ಸಲಕ್ಕೆ ಇಬ್ಬರ ಬರಹ ತೆಗೆದುಕೊಂಡರೆ ಆರು ವಾರಕ್ಕೊಮ್ಮೆ ನಿಮ್ಮ ಸರದಿ ಬರುತ್ತದೆ. ಹತ್ತು ಜನರಾದರೆ ಸರದಿ ದೂರವಾಗಿ ಅರ್ಧ ಮಂದಿ ಬರುವುದನ್ನೇ ಬಿಡುತ್ತಾರೆ. ಎಲ್ಲರೂ ಕವಿಗಳೇ ಆಗಿದ್ದರೂ ಕಷ್ಟ. ಧಾರವಾಡದಲ್ಲಿ ಬೇಂದ್ರೆಯವರ ‘ಗೆಳೆಯರ ಗುಂಪಿ’ನಲ್ಲಿ ಕವಿಗಳ ಜೊತೆಗೆ ಶಂ.ಬಾ. ಜೋಶಿಯವರಂಥ ಸಂಶೋಧಕರೂ ಇದ್ದರು.

ಬರಹ 1500 ಪದ ದಾಟದಿರಲಿ, ಒಂದು ವಾರ ಮೊದಲೇ ಎಲ್ಲರ ಕೈಸೇರಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಬೇರೆಯವರ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ಗೆ ಬದಲಿಸಿ; ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ನೋಡಿ. ಪಿಡಿಎಫ್ ಮಾಡಿ, ಪುಟಸಂಖ್ಯೆ ಹಾಕಿ ಕಳಿಸಿ. ಪುಟಸಂಖ್ಯೆ ಇಲ್ಲದಿದ್ದರೆ ಚರ್ಚೆಯ ಹೊತ್ತು ‘ಆ ಮಳೆ ಬರುತ್ತಲ್ಲ, ಅಲ್ಲಿ’ ಎಂದು ಹುಡುಕುವುದರಲ್ಲೇ ಕಳೆಯುತ್ತದೆ. ಸ್ಪರ್ಧೆಗೆ ಕಳಿಸುವ ಕಥೆಯಾದರೆ ಫೇಸ್‌ಬುಕ್ಕಿಗೆ ಹಾಕಬೇಡಿ. ‘ಎಲ್ಲೂ ಪ್ರಕಟವಾಗಿರಬಾರದು’ ಎಂಬ ನಿಯಮ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಪ್ರಿಂಟ್ ತೆಗೆದು, ಓದುವಾಗ ಪೆನ್ಸಿಲ್ ಹಿಡಿದು ಅಂಚಿನಲ್ಲಿ ಮೂರೇ ಗುರುತು ಹಾಕಿ: ಎಲ್ಲಿ ಬೇಸರ ಬಂತು, ಎಲ್ಲಿ ಹಿಂದಕ್ಕೆ ಹೋಗಿ ಓದಬೇಕಾಯಿತು, ಎಲ್ಲಿ ಮುಂದಿನದು ಮೊದಲೇ ಹೊಳೆಯಿತು. ‘ಅಣ್ಣ ಊರಿಗೆ ಬಂದದ್ದು ಮದುವೆಗೆ ಮೊದಲೋ ಆಮೇಲೋ, 3ನೇ ಪುಟದಲ್ಲಿ ಗೊತ್ತಾಗಲಿಲ್ಲ’ ಎಂದರೆ ಬರೆದವರು ಮನೆಗೆ ಹೋಗಿ ತಿದ್ದಬಹುದು. ‘ಮಗಳನ್ನು ಸಾಯಿಸಬಾರದಿತ್ತು’ ಎಂದರೆ ಏನು ಮಾಡಲಾದೀತು? ಅದು ಅವರ ಕಥೆಯಲ್ಲ, ನಿಮ್ಮದು.

ಭಾಷೆಯ ವಿಷಯಕ್ಕೆ ಬಂದರೆ ಜಗಳ ಗ್ಯಾರಂಟಿ. ಧಾರವಾಡದ ಪಾತ್ರ ‘ಹೋಗ್ಯಾನ’ ಅಂದರೆ ಅದನ್ನು ‘ಹೋಗಿದ್ದಾನೆ’ ಎಂದು ತಿದ್ದುವುದು ವಿಮರ್ಶೆಯಲ್ಲ, ಅಧಿಕಪ್ರಸಂಗ. ಆದರೆ ಅದೇ ಪಾತ್ರ ಮೊದಲ ಪುಟದಲ್ಲಿ ‘ಹೋಗ್ಯಾನ’, ನಾಲ್ಕನೆಯದರಲ್ಲಿ ಕಾರಣವಿಲ್ಲದೆ ‘ಹೋಗಿದ್ದಾನೆ’ ಅಂದರೆ ಹೇಳಲೇಬೇಕು. ಬೇರೆ ಸೀಮೆಯ ಮಾತನ್ನು ಕೇಳಿ ಬರೆಯುವವರಲ್ಲಿ ಈ ತಪ್ಪು ಹೆಚ್ಚು: ಸಿಟ್ಟಿನ ಮಾತು ಆ ಸೀಮೆಯದಾಗಿರುತ್ತದೆ, ಉದ್ದದ ಮಾತು ಬಂದ ಕೂಡಲೇ ಪಠ್ಯಪುಸ್ತಕದ ಕನ್ನಡಕ್ಕೆ ಜಾರುತ್ತದೆ. ಉದ್ದದ ಸಂಭಾಷಣೆಯನ್ನೇ ಮೊದಲು ಪರೀಕ್ಷಿಸಿ.

ಕೂತಾಗ ಒಂದು ಬರಹಕ್ಕೆ 40 ನಿಮಿಷ. ಐದು ಮಂದಿ ಓದುಗರಿಗೆ ತಲಾ 5 ನಿಮಿಷ, ಉಳಿದ ಕಾಲು ಗಂಟೆ ಬರೆದವರ ಪ್ರಶ್ನೆಗೆ, ಚರ್ಚೆಗೆ. ಅಲ್ಲಿಯವರೆಗೆ ಬರೆದವರು ಬಾಯಿ ಬಿಡುವಂತಿಲ್ಲ. ‘ನಾನು ಹೇಳಹೊರಟಿದ್ದು ಏನಂದ್ರೆ’ ಎಂದು ಶುರುವಾದರೆ ಓದುಗರು ಅದನ್ನು ಒಪ್ಪಿಕೊಂಡುಬಿಡುತ್ತಾರೆ, ಕಥೆಯಲ್ಲಿ ಅದು ಇಲ್ಲ ಅನ್ನುವುದು ಮುಚ್ಚಿಹೋಗುತ್ತದೆ. ಮಾತು ಗುಂಪಿನ ಕಿರಿಯರಿಂದ ಶುರುವಾಗಲಿ. ನಿವೃತ್ತ ಮೇಷ್ಟ್ರೊಬ್ಬರು ಮೊದಲು ಮಾತಾಡಿದರೆ ಉಳಿದವರೆಲ್ಲ ‘ಸರ್ ಹೇಳಿದ ಹಾಗೆ’ ಎಂದು ಮುಗಿಸುತ್ತಾರೆ. ಮೇಷ್ಟ್ರಿಗೂ ಇದರಿಂದ ಲಾಭವಿಲ್ಲ.

ಅಂದೇ ರಾತ್ರಿ ತಿದ್ದಲು ಕೂರಬೇಡಿ. ಒಂದು ವಾರ ಬಿಟ್ಟು, ಓದುಗರು ಗುರುತು ಹಾಕಿದ ಐದೂ ಪ್ರತಿಗಳನ್ನು ಪಕ್ಕಪಕ್ಕ ಇಡಿ. ಮೂವರು ಒಂದೇ ಜಾಗದಲ್ಲಿ ಗುರುತು ಹಾಕಿದ್ದರೆ ಅವರು ಕೊಟ್ಟ ಕಾರಣ ಬೇರೆಬೇರೆಯಾಗಿದ್ದರೂ ಆ ಜಾಗ ಸರಿಯಿಲ್ಲ. ಬಹಳ ಸಲ ಕೆಟ್ಟಿರುವುದು ಗುರುತು ಬಿದ್ದ ಪುಟವಲ್ಲ, ಅದರ ಹಿಂದಿನದು: ಅಲ್ಲಿ ಹೇಳಬೇಕಾಗಿದ್ದ ಒಂದು ಸಂಗತಿ ಬಿಟ್ಟುಹೋಗಿರುತ್ತದೆ. ಒಬ್ಬರೇ ಹೇಳಿದ ಮಾತನ್ನು ನಿಮಗೆ ಒಪ್ಪಿಗೆಯಾದರೆ ಮಾತ್ರ ತೆಗೆದುಕೊಳ್ಳಿ. ಐವರ ಮಾತನ್ನೂ ಪಾಲಿಸಿದ ಕಥೆಗೆ ಬರೆದವರ ಚಹರೆಯೇ ಉಳಿಯುವುದಿಲ್ಲ.