ಎಷ್ಟು ಸಾಲು ತುಳಿಯುತ್ತೀರಿ?

"ತಮ್ಮಾ, ಎಷ್ಟ ಸಾಲ ತುಳೀತೀರಿ ಅದೊಂದ ಮೊದಲ ಹೇಳ್ರಿ, ಆಮ್ಯಾಲ ಒಳಗ ಹೋಗ್ರಿ."

ಈ ವಾರವೆಲ್ಲ ಆ ಮಾತು ನನ್ನ ಕಿವಿಯಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆಯ ಒಂದು ಎರೆ ಹೊಲದ ಬದುವಿನ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, ಆ ಹೊಲದ ಒಡತಿ ನಮಗೆ ಕೇಳಿದ ಪ್ರಶ್ನೆ ಅದು. ನಮ್ಮ ಡ್ರೋನ್ ಅವರ ತೊಗರಿಯೊಳಗೆ ಬಿದ್ದಿತ್ತು. ನಾನು, ನನ್ನ ತಮ್ಮ (ಚಿಕ್ಕಪ್ಪನ ಮಗ), ಸುದ್ದಿ ಕೇಳಿ ಓಡಿಬಂದ ಊರ ಹುಡುಗರು, ಎಲ್ಲರೂ ಒಳಗೆ ಇಳಿಯಲು ಸಿದ್ಧರಾಗಿದ್ದೆವು. ನನ್ನ ತಮ್ಮ ಕೈಮುಗಿದು, "ಯವ್ವಾ, ಜರಾ ನೋಡ್ಕೊಂಡ್ ಬರ್ತೀವ್ರಿ" ಎಂದ. "ಜರಾ ಅಂದ್ರ ಎಷ್ಟ?" ಎಂದು ಮರುಕ್ಷಣವೇ ಕೇಳಿ, ಮೊದಲಿನ ಪ್ರಶ್ನೆಗೇ ಮರಳಿದರು. ಅವರು ಕೂಗಾಡಲಿಲ್ಲ, ಅಡ್ಡಗಟ್ಟಲೂ ಇಲ್ಲ. ಲೆಕ್ಕ ಕೇಳಿದರು, ಅಷ್ಟೆ. ಆ ಲೆಕ್ಕ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಪಕ್ಕದ ಹೊಲದವರು ನೆಟೆ ರೋಗ ಎಲ್ಲೆಲ್ಲಿ ಹಬ್ಬಿದೆ ಎಂಬುದನ್ನು ಮೇಲಿನಿಂದ ಚಿತ್ರ ತೆಗೆಸಿ ನೋಡಬೇಕೆಂದು ನಮ್ಮನ್ನು ಕರೆಸಿದ್ದರು. 2022ರ ಹಂಗಾಮಿನಲ್ಲಿ ತೊಗರಿ ನಿಂತಲ್ಲೇ ಒಣಗಿದ್ದನ್ನು ಕಂಡ ಕಲಬುರಗಿಯ ರೈತರಿಗೆ ಆ ಹೆದರಿಕೆ ಇನ್ನೂ ಹೋಗಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಹದ್ದೊಂದು ಡ್ರೋನಿನ ಮೇಲೆ ಎರಗಿತು. ಎರಡನೆಯ ಬಾರಿ ಎರಗಿದಾಗ ಪರದೆಯ ಮೇಲೆ ಆಕಾಶವೂ ನೆಲವೂ ತಿರುವುಮುರುವಾಗಿ, ಚಿತ್ರ ನಿಂತುಹೋಯಿತು.

ಫೋನಿನ ಆ್ಯಪ್ ಕೊನೆಯ ಸ್ಥಳವನ್ನು ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ತೋರಿಸುತ್ತಿತ್ತು. ಊರ ಹುಡುಗರಿಗೆ ಆ ಚುಕ್ಕೆಯನ್ನು ಕಂಡದ್ದೇ ಡ್ರೋನ್ ಸಿಕ್ಕಷ್ಟು ಸಂತೋಷವಾಯಿತು. ಆದರೆ ಅದು ಸಂಪರ್ಕ ತಪ್ಪಿದ ಸ್ಥಳವೇ ಹೊರತು ಡ್ರೋನ್ ಬಿದ್ದ ಸ್ಥಳವಲ್ಲ. ಆಗ ಡ್ರೋನ್ ಸುಮಾರು 60 ಮೀಟರ್ ಎತ್ತರದಲ್ಲಿತ್ತು. ಅಷ್ಟು ಎತ್ತರದಿಂದ ಕಲ್ಲೊಂದು ನೆಲ ಮುಟ್ಟಲು ಮೂರೂವರೆ ಸೆಕೆಂಡು ಬೇಕು. ಗಾಳಿಯ ತಡೆ ಹೆಚ್ಚಿರುವ ಡ್ರೋನಿಗೆ ಇನ್ನೂ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಹಾರುತ್ತಿದ್ದ ವೇಗವೂ ಬೀಸುತ್ತಿದ್ದ ಗಾಳಿಯೂ ಸೇರಿ ಅದನ್ನು ಇಪ್ಪತ್ತು ಮೂವತ್ತು ಮೀಟರ್ ಆಚೆಗೆ ಒಯ್ಯುವುದು ಏನೇನೂ ಕಷ್ಟವಲ್ಲ. ಎಲ್ಲ ದಿಕ್ಕಿಗೂ 30 ಮೀಟರ್ ಎಂದರೆ ಅಡ್ಡಳತೆ 60 ಮೀಟರ್. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಬಿಟ್ಟು ಬಿತ್ತಿದ ಹೊಲದಲ್ಲಿ ಅದು ಅರವತ್ತಕ್ಕೂ ಹೆಚ್ಚು ಸಾಲು. ಆ ತಾಯಿಯ ಪ್ರಶ್ನೆಗೆ ನಾವು ಕೊಡಬೇಕಾಗಿದ್ದ ನಿಜವಾದ ಉತ್ತರ ಅದು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೆ ಬಂದೀತು?

ಹೂವು ಕಚ್ಚುವ ಹೊತ್ತಿನ ತೊಗರಿಯೊಳಗೆ ನಡೆದವರಿಗೆ ಮಾತ್ರ ಇದರ ಕಷ್ಟ ತಿಳಿಯುತ್ತದೆ. ಗಿಡ ಆಳೆತ್ತರ ಬೆಳೆದು, ಈ ಸಾಲಿನ ಕೊಂಬೆ ಆ ಸಾಲಿನ ಕೊಂಬೆಯೊಂದಿಗೆ ಹೆಣೆದುಕೊಂಡಿರುತ್ತದೆ. ಸಾಲಿನುದ್ದಕ್ಕೆ ಎರಡು ಸಾಲುಗಳ ನಡುವೆ ಮೈ ಓರೆ ಮಾಡಿಕೊಂಡು ಹೇಗೋ ಹೋಗಬಹುದು. ಅಡ್ಡಕ್ಕೆ ದಾಟಿದರೆ ಕೊಂಬೆ ಮುರಿಯದೆ ಇರುವುದಿಲ್ಲ. ಕಾಯಿಕೊರಕ ಹುಳವನ್ನು ಉದುರಿಸಲು ನಮ್ಮ ರೈತರು ಗಿಡಗಳನ್ನು ಬಾಗಿಸಿ ಅಲುಗಾಡಿಸುವುದುಂಟು. ಆದರೆ ಅವರ ಕೈಗೆ ಗಿಡ ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಗೊತ್ತು. ಹುಡುಕುವವನ ಕಣ್ಣು ನೆಲದ ಮೇಲಿರುತ್ತದೆ. ಅವನ ಭುಜ ಏನನ್ನು ಮುರಿಯುತ್ತಿದೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಕೊನೆಗೆ ಅವರೇ ಒಂದು ಕಟ್ಟಳೆ ಮಾಡಿದರು. ಇಬ್ಬರು ಮಾತ್ರ ಒಳಗೆ ಹೋಗಬೇಕು, ಸಾಲಿನುದ್ದಕ್ಕೇ ನಡೆಯಬೇಕು, ಉಳಿದವರು ಬದುವಿನ ಮೇಲೆಯೇ ನಿಲ್ಲಬೇಕು. ಆ ಮಾತನ್ನು ಮೊದಲು ಮುರಿದವರು ಬದುವಿನ ಮೇಲಿದ್ದ ಹುಡುಗರು. ವಿಡಿಯೋ ಮಾಡುತ್ತ ಸಾಲುಗಳನ್ನು ಅಡ್ಡಕ್ಕೆ ಸೀಳಿಕೊಂಡು ಓಡಾಡಿದ ಅವರ ಉತ್ಸಾಹವನ್ನು ನಾನು ಸಹಾಯವೆಂದು ಕರೆಯಲಾರೆ. ಬದುವಿನ ಬೇವಿನ ಮರ ಹತ್ತಿದ್ದ ಒಬ್ಬ ಹುಡುಗನಿಗೆ ಮಾತ್ರ ನಾನು ಋಣಿ. ಎಲೆಗಳ ನಡುವೆ ಬಿಳಿಯದೇನೋ ಹೊಳೆದದ್ದನ್ನು ಕಂಡು ಕೂಗಿ ಹೇಳಿದವನು ಅವನೇ. ಡ್ರೋನ್ ನೆಲಕ್ಕೆ ಬಿದ್ದಿರಲೇ ಇಲ್ಲ. ಎರಡು ಗಿಡಗಳ ಹೆಣಿಗೆಯಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಒಂದು ರೆಕ್ಕೆ ಬುಡದಲ್ಲಿ ಮುರಿದಿತ್ತು, ಕ್ಯಾಮೆರಾದ ಗಾಜಿಗೆ ಹಳದಿ ಎಸಳೊಂದು ಅಂಟಿಕೊಂಡಿತ್ತು, ಬ್ಯಾಟರಿಯ ಗೂಡು ಖಾಲಿಯಾಗಿತ್ತು. ಬ್ಯಾಟರಿ ಸಿಕ್ಕಿದ್ದು ಅಲ್ಲಿಂದ ಹಲವು ಸಾಲುಗಳಾಚೆ. ಆ್ಯಪ್‌ನಲ್ಲಿ "ಡ್ರೋನ್ ಹುಡುಕಿ" ಎಂಬ ಗುಂಡಿಯನ್ನು ಎಷ್ಟು ಒತ್ತಿದರೂ ಸದ್ದು ಬಾರದಿದ್ದುದೇಕೆಂದು ಆಗ ತಿಳಿಯಿತು. ಆ ಸದ್ದು ಮುಖ್ಯ ಬ್ಯಾಟರಿಯ ಬಲದಿಂದ ಬರುವಂಥದ್ದು. ಬ್ಯಾಟರಿ ಕಳಚಿದರೆ ಯಂತ್ರ ಮೂಕ.

ಬಿದ್ದ ಡ್ರೋನ್ ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರ್ ಕೊಳ್ಳುವ ಮಾತು ನಮ್ಮಿಬ್ಬರ ನಡುವೆ ಬಹಳ ದಿನಗಳಿಂದ ನಡೆದಿತ್ತು. ಬೆಲೆ ಎಷ್ಟು, ಎಷ್ಟು ಕಿಲೋಮೀಟರ್ ದೂರಕ್ಕೆ ಸಿಗುತ್ತದೆ, ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂಬ ಮೂರು ಅಳತೆಗಳಲ್ಲೇ ನಾವು ಸುತ್ತುತ್ತಿದ್ದೆವು. ಮಾರುವವರು ಹೇಳುವುದೂ ಅವನ್ನೇ. ಯಂತ್ರದ ಹತ್ತಿರಕ್ಕೆ ಹೋದ ಮೇಲಿನ ಕೊನೆಯ ಇಪ್ಪತ್ತು ಮೀಟರ್ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಆ ಇಪ್ಪತ್ತು ಮೀಟರ್ ಇನ್ನೊಬ್ಬರ ಬೆಳೆ. ಊರಿಗೆ ಮರಳಿದ ಮೇಲೆ ನಾವು ನೋಡಿಟ್ಟುಕೊಂಡಿದ್ದ ಸಾಧನಗಳನ್ನೆಲ್ಲ ಆ ಒಂದೇ ಪ್ರಶ್ನೆಯ ಮುಂದಿಟ್ಟು ಮತ್ತೆ ನೋಡಿದೆವು: ಇದನ್ನು ಕಟ್ಟಿದ್ದರೆ ಎಷ್ಟು ಸಾಲು ತುಳಿಯಬೇಕಾಗುತ್ತಿತ್ತು?

ಏರ್‌ಟ್ಯಾಗ್‌ನಂಥ ಬ್ಲೂಟೂತ್ ಬಿಲ್ಲೆ ಸಾಕು ಎಂದು ಪೇಟೆಯ ಅಂಗಡಿಯವರೊಬ್ಬರು ಬಹಳ ಭರವಸೆಯಿಂದ ಹೇಳಿದ್ದರು. ಅದರ ತೂಕ 11 ಗ್ರಾಂ, ಗುಂಡಿಯಂಥ ಒಂದು ಸೆಲ್ ಸುಮಾರು ಒಂದು ವರ್ಷ ಬರುತ್ತದೆ. ಆದರೆ ಅದು ತಾನಿರುವ ಸ್ಥಳವನ್ನು ತಾನೇ ಅರಿಯುವುದಿಲ್ಲ. ಹತ್ತಿರ ಹಾದುಹೋಗುವ ಐಫೋನ್‌ಗಳು ಅದರ ಸಂಕೇತವನ್ನು ಹಿಡಿದು ತಮ್ಮ ಸ್ಥಳವನ್ನು ತಿಳಿಸಬೇಕು. ಬಸ್ ನಿಲ್ದಾಣದಲ್ಲಿ ಚೀಲ ಕಳೆದರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ತೊಗರಿ ಹೊಲದ ನಡುವೆ ಯಾರು ಹಾದುಹೋಗುತ್ತಾರೆ? ನೀರು ತುಂಬಿದ ಹಸಿರೆಲೆಗಳ ನಡುವೆ ಬ್ಲೂಟೂತ್‌ನ 2.4 ಗಿಗಾಹರ್ಟ್ಜ್ ತರಂಗ ಬೇಗ ಸೊರಗುವುದರಿಂದ, ಅದರ ಸಂಕೇತ ನಮ್ಮ ಫೋನಿಗೆ ಸಿಗುವ ಹೊತ್ತಿಗೆ ನಾವು ಆಗಲೇ ಹೊಲದೊಳಗೆ ಬಹಳ ದೂರ ಹೋಗಿರುತ್ತೇವೆ.

ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್ ನನ್ನ ತಮ್ಮನ ಆಯ್ಕೆಯಾಗಿತ್ತು. ಅವನ ಟ್ರ್ಯಾಕ್ಟರಿನಲ್ಲಿ ಅದು ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಗ್ಗದ ಟ್ರ್ಯಾಕರ್‌ಗಳಲ್ಲಿ ಹೆಚ್ಚಿನವು 2ಜಿ ಜಾಲವನ್ನೇ ನಂಬಿವೆ. ಜಿಯೋದಲ್ಲಿ 2ಜಿ ಇಲ್ಲವಾದ್ದರಿಂದ ಆ ಸಿಮ್ ಅದಕ್ಕೆ ಒಗ್ಗುವುದಿಲ್ಲ, ಬೇರೆ ಸಿಮ್ ಹಾಕಿದರೂ ಆ ಹೊಲದಲ್ಲಿ ಸಿಗ್ನಲ್ ಇರಬೇಕು. ಎಲ್ಲವೂ ಸರಿಯಿದ್ದು ಸಂದೇಶ ಬಂದಿತು ಎಂದೇ ಇಟ್ಟುಕೊಳ್ಳೋಣ. ಬಯಲಿನಲ್ಲಿಯೂ ಜಿಪಿಎಸ್ ಐದು ಮೀಟರ್‌ವರೆಗೆ ತಪ್ಪಬಹುದು. ಆಗಲೂ ಹನ್ನೊಂದು ಸಾಲುಗಳ ಅನುಮಾನ ಉಳಿಯುತ್ತದೆ, ಡ್ರೋನ್ ತಲೆಕೆಳಗಾಗಿ ಆಂಟೆನಾ ನೆಲದ ಕಡೆಗೆ ಮುಖ ಮಾಡಿದ್ದರೆ ಇನ್ನೂ ಹೆಚ್ಚು. ಅರವತ್ತು ಹನ್ನೊಂದಕ್ಕೆ ಇಳಿಯುವುದು ದೊಡ್ಡ ಮಾತೇ. ಆದರೂ ಹನ್ನೊಂದು ಸಾಲು ಎಂದು ಆ ತಾಯಿಯ ಮುಂದೆ ನಿಂತು ಹೇಳುವುದನ್ನು ಊಹಿಸಿಕೊಂಡಾಗ ನನಗೆ ಸಮಾಧಾನವಾಗಲಿಲ್ಲ.

ಉಳಿದದ್ದು ರೇಡಿಯೋ ಬೀಕನ್. ಡ್ರೋನಿಗೆ ಕಟ್ಟಿದ ಪುಟ್ಟ ಪ್ರೇಷಕ ತನ್ನದೇ ಬ್ಯಾಟರಿಯಿಂದ ಆಗಾಗ ಸಂಕೇತ ಕಳಿಸುತ್ತದೆ, ನಮ್ಮ ಕೈಯ ರಿಸೀವರ್ ಅದರ ಬಲವನ್ನು ತೋರಿಸುತ್ತದೆ. ಇಲ್ಲಿ ಎಚ್ಚರ ಬೇಕು. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ 915 ಮೆಗಾಹರ್ಟ್ಜ್ ಸಾಧನವನ್ನು ತರಿಸಿಕೊಂಡು ನಮ್ಮಲ್ಲಿ ಬಳಸುವಂತಿಲ್ಲ, ಅದರ ಆಸುಪಾಸಿನಲ್ಲಿ ಇಲ್ಲಿ ಮೊಬೈಲ್ ಜಾಲಗಳಿವೆ. ಪರವಾನಗಿ ಇಲ್ಲದೆ ಬಳಸಬಹುದಾದದ್ದು 865ರಿಂದ 868 ಮೆಗಾಹರ್ಟ್ಜ್ ಪಟ್ಟಿ. ಆ ಪಟ್ಟಿಯಲ್ಲಿ ಕೆಲಸ ಮಾಡುವ, ಲೋರಾ ಎಂಬ ರೇಡಿಯೋ ತಂತ್ರದ ಬೀಕನ್‌ಗಳು ಕಡಿಮೆ ಶಕ್ತಿಯಲ್ಲಿಯೇ ಬಹಳ ದೂರ ಮುಟ್ಟುತ್ತವೆ. ಆದರೆ ನನ್ನ ಮನಸ್ಸು ಒಲಿದದ್ದು ದೂರಕ್ಕಲ್ಲ, ದಿಕ್ಕಿಗೆ. ಒಂದು ದಿಕ್ಕಿನ ಸಂಕೇತವನ್ನೇ ಬಲವಾಗಿ ಹಿಡಿಯುವ, ಕೈಯಲ್ಲಿ ಹಿಡಿಯುವಂಥ ಯಾಗಿ ಆಂಟೆನಾ ಬೀಕನ್ ಕಡೆಗೆ ತಿರುಗಿದಾಗ ಸಂಕೇತ ಏರುತ್ತದೆ. ಯಾಗಿ ಇಲ್ಲದಿದ್ದರೂ ರಿಸೀವರನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಿದರೆ, ಬೆನ್ನು ಬೀಕನ್ ಕಡೆಗೆ ಬಂದಾಗ ನಮ್ಮ ಮೈಯೇ ತರಂಗಕ್ಕೆ ಅಡ್ಡವಾಗಿ ಸಂಕೇತ ಕುಸಿಯುತ್ತದೆ. ಸಂಕೇತ ಕುಸಿದಾಗ ಡ್ರೋನ್ ನಮ್ಮ ಬೆನ್ನ ಹಿಂದಿದೆ ಎಂದರ್ಥ. ದಿಕ್ಕು ಐದು ಡಿಗ್ರಿ ತಪ್ಪಿದರೆ 100 ಮೀಟರ್ ದೂರದಿಂದ ಸುಮಾರು 9 ಮೀಟರ್ ತಪ್ಪುತ್ತದೆ, 30 ಮೀಟರ್ ಹತ್ತಿರದಿಂದಾದರೆ ಎರಡೂವರೆ ಮೀಟರ್, ಅಂದರೆ ಆ ಕಡೆಗೋ ಈ ಕಡೆಗೋ ಮೂರು ಸಾಲು. ಬದುವಿನ ಮೇಲೆ ನಡೆಯುತ್ತ, ಒಂದೂ ಗಿಡ ಮುಟ್ಟದೆ, ಎರಡು ಕಡೆಯಿಂದ ದಿಕ್ಕು ಹಿಡಿದು, ಗೆರೆಗಳು ಕೂಡುವ ಜಾಗವನ್ನು ಗೊತ್ತುಮಾಡಬಹುದು.

ಇದರ ಜೊತೆಗೆ ಸ್ವಂತ ಬ್ಯಾಟರಿಯ ಬಜರ್ ಒಂದನ್ನೂ ಕೊಳ್ಳಬೇಕೆಂದು ನಾನು ಹಟ ಹಿಡಿದೆ. ಮುಖ್ಯ ವಿದ್ಯುತ್ ಕಡಿದ ಸ್ವಲ್ಪ ಹೊತ್ತಿಗೆ ತಾನೇ ಕೂಗಲು ತೊಡಗುವ ಕೆಲವೇ ಗ್ರಾಂ ತೂಕದ ಸಾಧನ ಅದು. ನಮ್ಮ ಡ್ರೋನಿನಲ್ಲಿ ಅದು ಇದ್ದಿದ್ದರೆ ಮರ ಹತ್ತುವ ಹುಡುಗನ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ, ಎಲೆಗಳು ಇನ್ನಷ್ಟು ನುಂಗುತ್ತವೆ, ಗಾಳಿ ಬೀಸಿದರೆ ತೊಗರಿಯ ಮರ್ಮರವೇ ಕಿವಿ ತುಂಬುತ್ತದೆ. ಆದರೂ ಸಾಲುಗಳ ತಲೆಯಲ್ಲಿ ನಡೆಯುತ್ತ ಹೋದಾಗ ಯಾವ ಸಾಲಿನ ಎದುರು ಸದ್ದು ನೆಟ್ಟಗೆ ಬರುತ್ತದೆಂಬುದು ಕಿವಿಗೆ ತಿಳಿಯುತ್ತದೆ. ಬೀಕನ್ ಸಾಲುಗಳ ಗುಂಪನ್ನು ಹೇಳಿದರೆ ಬಜರ್ ಸಾಲನ್ನು ಹೇಳುತ್ತದೆ. ಚಿಕ್ಕಪ್ಪನ ತೊಗರಿಯಲ್ಲಿ ಬೀಕನ್ನನ್ನೂ ಬಜರನ್ನೂ ನನಗೆ ಕಾಣದಂತೆ ಕೊಂಬೆಗೆ ಕಟ್ಟಿಸಿ ಹುಡುಕಿದಾಗ, ಒಳಗೆ ಕಾಲಿಡುವ ಮೊದಲೇ "ಈ ಎರಡು ಸಾಲುಗಳ ನಡುವೆ" ಎಂದು ಹೇಳಲು ನನಗೆ ಸಾಧ್ಯವಾಯಿತು.

ಅವನ್ನು ಎಲ್ಲಿ ಕಟ್ಟಬೇಕೆಂಬುದೂ ಆಯ್ಕೆಯಷ್ಟೇ ಮುಖ್ಯ. ಬ್ಯಾಟರಿ ಸಮತಟ್ಟಾಗಿರುತ್ತದೆಂದು ಅದರ ಬೆನ್ನಿಗೇ ಟ್ರ್ಯಾಕರ್ ಅಂಟಿಸುವವರಿದ್ದಾರೆ. ಅವರಿಗೆ ಕೊನೆಗೆ ಬ್ಯಾಟರಿ ಮಾತ್ರ ಸಿಗುತ್ತದೆ. ಜಿಪಿಎಸ್‌ಗೂ ದಿಕ್ಸೂಚಿಗೂ ದೂರವಿರುವ ತೋಳಿನ ಮೇಲೆ ಕಟ್ಟಿ, ರೆಕ್ಕೆಗೆ ತಾಗದಂತೆ ನೋಡಿಕೊಳ್ಳಬೇಕು. 249 ಗ್ರಾಂ ಡ್ರೋನ್ ಇರುವವರು ತೂಕವನ್ನೂ ಲೆಕ್ಕ ಹಾಕಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ನ್ಯಾನೋ ವರ್ಗದ ಮಿತಿ 250 ಗ್ರಾಂ. ಹತ್ತು ಗ್ರಾಂನ ಟ್ರ್ಯಾಕರ್ ಕಟ್ಟಿದೊಡನೆ ಅದು ಮೈಕ್ರೋ ವರ್ಗಕ್ಕೆ ಏರುತ್ತದೆ, ಹಣ ಪಡೆದು ಹಾರಿಸುವವರಿಗೆ ಆಗ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಾಗುತ್ತದೆ.

ಅಂದು ಡ್ರೋನ್ ಸಿಕ್ಕ ಮೇಲೆ ಆ ತಾಯಿ ತಾವೇ ಒಳಗೆ ಹೋಗಿ ಮುರಿದ ಗಿಡಗಳನ್ನು ಒಂದೊಂದಾಗಿ ನೋಡಿಕೊಂಡು ಬಂದರು. ಅವರು ಹೇಳಿದ ಮೊತ್ತ ನಾವು ಅಂಜಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಹೆಚ್ಚಿಗೆ ಕೊಡಲು ಹೋದಾಗ, "ಮುರದಿದ್ದಕ್ಕ ಅಷ್ಟ ಕೊಡ್ರಿ" ಎಂದು ಉಳಿದದ್ದನ್ನು ನನ್ನ ತಮ್ಮನ ಕೈಗೇ ಮರಳಿಸಿದರು. ಹಾಗೆ ನೇರವಾಗಿ ಲೆಕ್ಕ ಕೇಳಿ ನೇರವಾಗಿ ಲೆಕ್ಕ ಮುಗಿಸುವವರನ್ನು ನಾನು ಈ ಕಸುಬಿನಲ್ಲಿ ಹೆಚ್ಚು ಕಂಡಿಲ್ಲ. ನ್ಯಾನೋಗಿಂತ ದೊಡ್ಡ ಡ್ರೋನ್‌ಗಳಿಗೆ ಮೂರನೆಯವರ ಹಾನಿಯ ವಿಮೆ ಕಡ್ಡಾಯ ಎಂಬುದು ಸರಿ. ಆದರೆ ಹುಡುಕಲು ಹೋದವರ ಕಾಲಿನಿಂದಾದ ನಷ್ಟವನ್ನು ವಿಮೆಯ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಹಾರಿಸಿದವನೇ ಹೊರಬೇಕು.

ಕೇಂದ್ರ ಸರ್ಕಾರ 2023ರಲ್ಲಿ ನಮೋ ಡ್ರೋನ್ ದೀದಿ ಯೋಜನೆಯಡಿ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಿಂಪಡಣೆಯ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಔಷಧಿಯ ಟ್ಯಾಂಕ್ ಹೊತ್ತ ಆ ಯಂತ್ರ ನಮ್ಮದಕ್ಕಿಂತ ಎಷ್ಟೋ ಪಟ್ಟು ಭಾರ, ಆಳಂದದ ಕಬ್ಬಿನೊಳಗೆ ಬಿದ್ದರೆ ಅದನ್ನು ಹುಡುಕುವುದೂ ಅಷ್ಟೇ ಕಷ್ಟ. ಅದನ್ನು ಹಾರಿಸುವ ಅಕ್ಕತಂಗಿಯರಿಗೆ ತರಬೇತಿ ಕೊಡುವವರು ಬಿದ್ದ ಡ್ರೋನನ್ನು ಬದುವಿನಿಂದಲೇ ಪತ್ತೆ ಹಚ್ಚುವುದನ್ನೂ ಕಲಿಸಬೇಕು, ಬೀಕನ್ ಮತ್ತು ಬಜರ್‌ನ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ನಾವಂತೂ ಕೆಲಸ ಒಪ್ಪಿಕೊಳ್ಳುವ ರೀತಿಯನ್ನೇ ಬದಲಿಸಿದ್ದೇವೆ. ಹಾರಿಸುವ ಮೊದಲು ಕರೆಸಿದವರ ಜೊತೆಗೆ ಅಕ್ಕಪಕ್ಕದ ಹೊಲದವರನ್ನೂ ಕಂಡು, ರಿಸೀವರ್ ತೋರಿಸಿ, ಡ್ರೋನ್ ಬಿದ್ದರೆ ಯಾರು ಒಳಗೆ ಬರುತ್ತಾರೆ, ಯಾವ ಕಡೆಯಿಂದ ಬರುತ್ತಾರೆ, ಮುರಿದ ಗಿಡಕ್ಕೆ ಏನು ಕೊಡುತ್ತೇವೆ ಎಂಬುದನ್ನು ಮಾತಾಡಿಯೇ ಬ್ಯಾಟರಿ ಹಾಕುತ್ತೇವೆ.