ತಲೆ ಎಣಿಕೆ, ಟೋಕನ್ ಎಣಿಕೆ

ಚಿಕ್ಕಮಗಳೂರಿನ ನಮ್ಮ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಐವತ್ತು ಎಕರೆ ಕಾಫಿ ತೋಟದವರಿಗೂ ಅರ್ಧ ಎಕರೆಯವರಿಗೂ ಒಂದೇ ಮತ. ಕೋರಂ ಸಾಲದಿದ್ದರೆ ಕಾರ್ಯದರ್ಶಿಯವರು ಹಾಜರಿ ಪುಸ್ತಕ ಹಿಡಿದು, ಜಗಲಿಯಲ್ಲಿ ಮಾತಾಡುತ್ತ ನಿಂತವರಿಂದ ಸಹಿ ಹಾಕಿಸಿ ಒಳಗೆ ಕರೆತರುತ್ತಾರೆ. ವಿಕೇಂದ್ರೀಕೃತ ಸ್ವಾಯತ್ತ ಸಂಘಟನೆ, ಅಂದರೆ ಡಾವೊ, ಇದೇ ಕೆಲಸವನ್ನು ಬ್ಲಾಕ್‌ಚೈನ್ ಮೇಲೆ, ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕದ ಮೇಲೆ, ಮಾಡುತ್ತದೆಯಾದರೂ, ಅಲ್ಲಿ ಸಾಮಾನ್ಯವಾಗಿ ಎಣಿಸುವುದು ತಲೆಗಳನ್ನಲ್ಲ, ಕೊಂಡು ಮಾರಬಹುದಾದ ಡಿಜಿಟಲ್ ನಾಣ್ಯಗಳಂಥ ಟೋಕನ್‌ಗಳನ್ನು. ದುಡ್ಡೇ ದೊಡ್ಡಪ್ಪ ಎಂಬುದನ್ನು ಇಷ್ಟು ನೇರವಾಗಿ ನಿಯಮಾವಳಿಯಲ್ಲೇ ಬರೆದುಕೊಂಡ ಸಂಘವನ್ನು ನಾನು ಬೇರೆ ಕಂಡಿಲ್ಲ.

ಕ್ರಿಪ್ಟೊ ಹಣವನ್ನು ಸಾಲ ಕೊಟ್ಟು ಪಡೆಯುವ ಕಾಂಪೌಂಡ್ ಎಂಬ ವ್ಯವಸ್ಥೆ 2020ರಲ್ಲಿ ಜಾರಿಗೆ ತಂದ, ಮುಂದೆ ಹಲವರು ಅನುಸರಿಸಿದ ಪದ್ಧತಿಯಲ್ಲಿ, ನಿಗದಿತ ಮತಬಲವನ್ನು ಸ್ವಂತವಾಗಿ ಅಥವಾ ಇತರರು ವಹಿಸಿಕೊಟ್ಟದ್ದರಿಂದ ಹೊಂದಿದವರು ಪ್ರಸ್ತಾವ ಮಂಡಿಸುತ್ತಾರೆ. ಅದು ಬರೀ ಠರಾವಿನ ಒಕ್ಕಣೆಯಲ್ಲ, ಅಂಗೀಕಾರವಾದ ಮೇಲೆ ಯಾರು ಬೇಕಾದರೂ ಚಾಲನೆ ಕೊಡಬಹುದಾದ ಕೋಡ್. ಮತಬಲವನ್ನು ಮತದಾನ ಆರಂಭವಾಗುವ ಬ್ಲಾಕ್‌ನಲ್ಲಿ (ಬ್ಲಾಕ್‌ಚೈನ್ ಪುಸ್ತಕದ ಆ ಹೊತ್ತಿನ ಪುಟದಲ್ಲಿ) ಇದ್ದಂತೆ ಲೆಕ್ಕ ಹಾಕುವುದರಿಂದ, ನಡುವೆ ಟೋಕನ್ ಸಾಲ ತಂದು ಫಲಿತಾಂಶ ತಿರುಗಿಸಲು ಬಾರದು. ಮತದಾನ ಸುಮಾರು 3 ದಿನ ನಡೆಯುತ್ತದೆ. ಪರವಾದ ಮತಗಳು 4,00,000 ಕಾಂಪ್ (ಕಾಂಪೌಂಡ್‌ನ ಟೋಕನ್) ಮುಟ್ಟಿ, ವಿರೋಧಕ್ಕಿಂತ ಹೆಚ್ಚಿದ್ದರೆ ಪ್ರಸ್ತಾವ ಗೆದ್ದಂತೆ. ಆದರೂ 2 ದಿನ ಅದು ಟೈಮ್‌ಲಾಕ್‌ನಲ್ಲಿ, ಅಂದರೆ ಜಾರಿಯನ್ನು ತಡೆದಿಡುವ ಕಾಲಬೀಗದಲ್ಲಿ, ಕಾಯಬೇಕು. ಒಪ್ಪದವರು ಆ ಬಿಡುವಿನಲ್ಲಿ ತಮ್ಮ ಹಣ ಹಿಂಪಡೆದು ಹೊರನಡೆಯಬಹುದು.