ಸೆಪ್ಟೆಂಬರ್ 6

2018ರಲ್ಲಿ ಇದೇ ದಿನ ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377ರ ಹಲ್ಲು ಕಿತ್ತಿತು. ವಯಸ್ಕರಿಬ್ಬರು ಒಪ್ಪಿಕೊಂಡ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದಿತು. ನಾನಾಗ ಸೆಕೆಂಡ್ ಪಿಯುಸಿ. ಹಾಸ್ಟೆಲ್ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಯಾರೋ ‘ಥೂ’ ಅಂತ ಚಾನೆಲ್ ಬದಲಿಸಿದರು. ನಾನು ತಲೆ ಎತ್ತದೆ ಅನ್ನ ಸಾರು ಕಲಸುತ್ತಾ ಕೂತಿದ್ದೆ.

ಐವರು ನ್ಯಾಯಮೂರ್ತಿಗಳು ಒಪ್ಪಿದರೂ ನನ್ನನ್ನು ನಾನೇ ಒಪ್ಪಿಕೊಳ್ಳೋಕೆ ಜಾಸ್ತಿ ಕಾಲ ಹಿಡಿಯಿತು. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಇಷ್ಟ ಆಗುತ್ತಿದ್ದರಲ್ಲ, ಅದೇ ದೊಡ್ಡ ಗೊಂದಲ. ಹಾಗಾದ್ರೆ ಇದು ಸುಮ್ನೆ ವಯಸ್ಸಿನ ಹುಚ್ಚು ಇರಬೇಕು ಅಂದುಕೊಳ್ಳುತ್ತಿದ್ದೆ. ಕೆಮಿಸ್ಟ್ರಿ ರೆಕಾರ್ಡಿನ ಕೊನೇ ಪುಟದಲ್ಲಿ ನನಗಿಷ್ಟವಾದ ಹುಡುಗಿಯ ಹೆಸರು ಬರೆದು, ಯಾರಾದರೂ ನೋಡಿಯಾರು ಅಂತ ಅದರ ಮೇಲೇ ಬಾಲ್‌ಪೆನ್ನಿನಲ್ಲಿ ಹೂವು ಬಿಡಿಸುತ್ತಿದ್ದೆ. ಹಾಳೆ ಹರಿಯುವಷ್ಟು ದಟ್ಟ ಹೂವು! ಎರಡೂ ಇಷ್ಟ ನಿಜ ಇರಬಹುದು ಅಂತ ಹೇಳೋರು ಒಬ್ಬರೂ ಇರಲಿಲ್ಲ.

ಈಗ ಆ ವಯಸ್ಸಿನಲ್ಲಿರೋ ಯಾರಾದ್ರೂ ಓದುತ್ತಿದ್ದರೆ: ಇದು ಕಾಯಿಲೆ ಅಲ್ಲ ಕಣೇ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ‘ಸರಿ ಮಾಡ್ತೀವಿ’ ಅಂತ ಚಿಕಿತ್ಸೆ ಕೊಡುವ ಡಾಕ್ಟರದ್ದೇ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮನಸ್ಸು ತೀರಾ ಭಾರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಹೇಳಲೇಬೇಕು ಅನ್ನೋ ಆತುರವೂ ಬೇಡ. ನಾನು ಅಕ್ಕನಿಗೆ ಹೇಳಿದೆ. ‘ಸರಿ, ಮೊದ್ಲು ಊಟ ಮಾಡು’ ಅಂದಳು. ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ದಿನ ಯಾವುದು ಅಂತ ನಾನೇ ಆರಿಸುತ್ತೇನೆ.